ಅಂಜನಮ್ಮನ ಮನೆಗೆ ಎರಡು ತಂತಿ

ಬೈರಸಂದ್ರದ ಹಿಂದಿನ ಕೇರಿಯಲ್ಲಿ ಅಂಜನಮ್ಮ ಒಬ್ಬಳೇ ಇದ್ದಳು. ಗಂಡ ತೀರಿಹೋಗಿದ್ದ. ಇದ್ದ ಹೊಲ ಜಯನಗರದ ಬಡಾವಣೆಗೆ ಹೋಗಿತ್ತು. ಹಗಲೆಲ್ಲ ಅದೇ ಬಡಾವಣೆಯಲ್ಲಿ ಏಳುತ್ತಿದ್ದ ಮನೆಗಳಿಗೆ ಜಲ್ಲಿ ಹೊತ್ತು, ಸಂಜೆ ಬಂದು ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುವಳು. ಇದ್ದಿಲ ಪುಡಿ ಕಲಸಿದ ಹಿಟ್ಟು ಕಪ್ಪು, ಮಣೆಯೂ ಕಪ್ಪು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಹೊಸೆದ ಕಡ್ಡಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬೋಳು. ಅಂಥ ಕಡ್ಡಿಯನ್ನು ಬತ್ತಿ ಕೊಳ್ಳುವವನು ಮುಟ್ಟುತ್ತಿರಲಿಲ್ಲ. ಕೂಲಿಯೊಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ಅವಳಿಗೆ ಬೆಳಕೆಂದರೆ ರಾತ್ರಿಯ ಊಟ.

ಕರೆಂಟಿನ ಕಂಬ ದೊಡ್ಡ ಬೀದಿಗೆ ಬಂದು ನಿಂತಿತ್ತು, ಕೇರಿಗೆ ಇಳಿದಿರಲಿಲ್ಲ. ಅವಳ ಗಂಡನ ಅಣ್ಣ ಚಿಕ್ಕಬೈರಪ್ಪ ದೊಡ್ಡ ಬೀದಿಯಲ್ಲಿ ಹಿಟ್ಟಿನ ಮಿಷನ್ ಇಟ್ಟಿದ್ದ. ಅವನೇ ತನ್ನ ಮನೆಯಿಂದ ತಂತಿ ಎಳೆದು ಕೇರಿಯ ಮನೆಗಳಿಗೆ ಒಂದೊಂದು ಬಲ್ಬು ಬಾಡಿಗೆಗೆ ಕೊಟ್ಟ. ಹಾಗೆ ಕರೆಂಟು ಮಾರಬಾರದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೇರಿಯ ಮನೆಗಳಲ್ಲಿ ಸ್ವಿಚ್ಚು ಇರಲಿಲ್ಲ. ಎಲ್ಲಕ್ಕೂ ಸೇರಿ ಇದ್ದ ಒಂದೇ ಸ್ವಿಚ್ಚು ಅವನ ಜಗಲಿಯ ಗೋಡೆಯಲ್ಲಿ. ಅವನ ಹೆಂಡತಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವನು ಸ್ವಿಚ್ಚು ಒತ್ತುವನು. ಕೇರಿಯ ಹೆಂಗಸರು ಬಲ್ಬಿಗೆ ಕೈ ಮುಗಿಯುವರು. ಅವನು ಉಂಡು ಕೈ ತೊಳೆದರೆ ಎಲ್ಲರಿಗೂ ಕತ್ತಲೆ. ಶನಿವಾರ ಅವನದು ಒಪ್ಪತ್ತು. ಅವತ್ತು ಅವಲಕ್ಕಿ ತಿಂದು ಬೇಗ ಮಲಗುವನು, ಕೇರಿಯೂ ಬೇಗ ಮಲಗಬೇಕು. ಮಗು ಮಲಗಿಸುವ ಮನೆಯವರು ಉರಿಯುವ ಬಲ್ಬಿಗೆ ಬಟ್ಟೆಯ ಚೀಲ ಕಟ್ಟುತ್ತಿದ್ದರು.

ಆಮೇಲೆ ಅಂಜನಮ್ಮನ ತಮ್ಮ ವೆಂಕಟಾಚಲ, ಬಡಾವಣೆಗೆ ಹೋದ ತನ್ನ ಹೊಲದ ಪರಿಹಾರದ ಹಣದಲ್ಲಿ ಅದೇ ಬೀದಿಯಲ್ಲಿ ತಾರಸಿ ಮನೆ ಕಟ್ಟಿಸಿದ. ಅವನೂ ಕೇರಿಗೆ ತಂತಿ ಇಳಿಸಿದ. ಬಾಡಿಗೆ ಕಡಿಮೆ, ಬೆಳಕು ಒಂದು ಗಂಟೆ ಹೆಚ್ಚು. ಚಿಕ್ಕಬೈರಪ್ಪನೂ ಬಾಡಿಗೆ ಇಳಿಸಿದ. ಸುಟ್ಟ ಬಲ್ಬಿಗೆ ಹೊಸದು ಪುಕ್ಕಟೆ ಎಂದು ವೆಂಕಟಾಚಲ ಸಾರಿದರೆ, ತನ್ನ ತಂತಿ ಇಟ್ಟುಕೊಂಡವರ ರಾಗಿಯನ್ನು ಮೊದಲು ಬೀಸಿಕೊಡುತ್ತೇನೆಂದು ಚಿಕ್ಕಬೈರಪ್ಪ ಹೇಳಿಸಿದ.

"ಇವರಿಬ್ರೂ ನೂರು ಕಾಲ ಹಿಂಗೇ ಕಿತ್ತಾಡ್ಕೊಂಡಿರ್ಲಿ ಅಂತ ಮುನೇಶ್ವರನಿಗೆ ಹರಕೆ ಕಟ್ಕೊಂಡಿದೀನಿ ಕಣಕ್ಕಾ," ಎಂದಳು ಪಕ್ಕದ ಮನೆಯ ಗೌರಮ್ಮ. ಅವಳೂ ಬತ್ತಿ ಹೊಸೆಯುವವಳೇ.

"ನಿನಗೇನಮ್ಮ, ಇಬ್ರೂ ನಿನಗೆ ನೆಂಟರಲ್ಲ," ಎಂದಳು ಅಂಜನಮ್ಮ.

ಕೇರಿಯವರು ಅಗ್ಗದ ತಂತಿಯನ್ನು ಆರಿಸಿಕೊಂಡರು. ಅವಳು ಮಾತ್ರ ಆರಿಸಲಾರದೆ ಹೋದಳು. "ಅಕ್ಕಾ, ನಿನ್ ಮನೇಲೇ ಅವನ ಬಲ್ಬು ಉರಿದ್ರೆ ಊರೋರು ನನ್ ತಂತಿ ತಗೋತಾರಾ?" ಎಂದು ತಮ್ಮ ಕೇಳಿದ. ಭಾವ ಹೊಸ್ತಿಲಾಚೆ ನಿಂತು, "ನಿನ್ ಗಂಡನ ಚಟ್ಟಕ್ಕೆ ಹೆಗಲು ಕೊಟ್ಟೋನು ನಾನು. ಈಗ ತವರು ಜ್ಞಾಪಕ ಬಂತಾ?" ಎಂದ. ಯಾರನ್ನೂ ನೋಯಿಸಬಾರದೆಂದು ಅವಳು ನಡುಮನೆಗೆ ಭಾವನ ತಂತಿ, ಒಲೆಮನೆಗೆ ತಮ್ಮನ ತಂತಿ ಹಾಕಿಸಿಕೊಂಡಳು. ಇಬ್ಬರಿಗೂ ನೋವಾಯಿತು. ಮಿಷನ್ನಿನಲ್ಲಿ ಅವಳ ರಾಗಿ ಎಲ್ಲರದ್ದಕ್ಕಿಂತ ಕೊನೆಗೆ ಬಿತ್ತು. ಯುಗಾದಿಗೆ ತವರಿನ ಸೀರೆ ಬರಲಿಲ್ಲ. ಮೇಲಾಗಿ ಇಬ್ಬರೂ ಸಿಕ್ಕಸಿಕ್ಕವರಿಗೆಲ್ಲ ಬೆಳಕು ಹಂಚಿ, ಬಲ್ಬುಗಳು ಹಣ್ಣು ಮೆಣಸಿನಕಾಯಿಯಷ್ಟು ಕೆಂಪಗೆ ಉರಿಯತೊಡಗಿದವು. ಬಾಡಿಗೆ ಇಬ್ಬರಿಗೆ, ಕಡ್ಡಿ ಮತ್ತೆ ವಾಪಸು.

ಒಂದು ಸಂಜೆ ಅವರಿಬ್ಬರೂ ಅವಳ ಬಾಗಿಲಲ್ಲೇ ಕೂಗಾಡಿಕೊಂಡು ಹೋದ ಮೇಲೆ, ಹಿಟ್ಟು ಮೆತ್ತಿದ ಕೈಯನ್ನು ತೊಳೆಯಲೂ ಆಗದಷ್ಟು ದಣಿದು ಕೂತಿದ್ದಳು. ಆಗ ಅವಳಿಗೆ ಆ ಯೋಚನೆ ಬಂತು. ಭಾವನ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ತಮ್ಮನ ಮಗಳು ಸೀತಾಲಕ್ಷ್ಮಿ ಮದುವೆಯ ವಯಸ್ಸಿಗೆ ಬಂದಿದ್ದಳು. ಬೀಗರಾದರೆ ಜಗಳ ನಿಲ್ಲುತ್ತದೆ.

ಆ ಮಾಗಿಯೆಲ್ಲ ಆ ಮನೆಗೂ ಈ ಮನೆಗೂ ತಿರುಗಿದಳು. ಅಲ್ಲಿ ಹುಡುಗಿಯ ಗುಣ ಹೇಳಿದಳು, ಇಲ್ಲಿ ಹುಡುಗನ ಗುಣ ಹೇಳಿದಳು. ಮದುವೆ ಕೂಡಿಬಂತು. ತಾಳಿ ಕಟ್ಟುವ ಹೊತ್ತಿನಲ್ಲಿ ವಿಧವೆಯಾದ್ದರಿಂದ ಅಡಿಗೆಯ ಚಪ್ಪರದ ಹಿಂದೆ ನಿಂತು ಓಲಗದ ಸದ್ದನ್ನಷ್ಟೇ ಕೇಳಿದಳು. ಅದರಿಂದ ಅವಳಿಗೆ ಬೇಸರವಾಗಲಿಲ್ಲ. ಇನ್ನು ನೆಮ್ಮದಿಯಾಗಿ ಹೊಸೆಯಬಹುದು ಎಂದುಕೊಂಡಳು.

ಮದುವೆಯ ಮಾವಿನ ಸೊಪ್ಪು ಒಣಗುವ ಮೊದಲೇ ಬೀಗರಿಬ್ಬರೂ ಒಟ್ಟಿಗೆ ಎಲೆಅಡಿಕೆ ಜಗಿಯುತ್ತ ಕೇರಿಗೆ ಬಂದರು.

"ಇನ್ಮೇಲೆ ಕೇರಿಗೆಲ್ಲ ಒಂದೇ ತಂತಿ. ನಾವು ಮಾತಾಡ್ಕೊಂಡಿದೀವಿ," ಎಂದ ವೆಂಕಟಾಚಲ.

"ಬಾಡಿಗೆ?" ಎಂದಳು ಗೌರಮ್ಮ.

"ಇಳಿಸೋಕೆ ಮೊದಲು ಇದ್ದದ್ದೇ, ಅದರ ಮೇಲೆ ಅರ್ಧ. ಬೇಡ ಅನ್ನೋರಿಗೆ ಬಲವಂತ ಇಲ್ಲ," ಎಂದ ಚಿಕ್ಕಬೈರಪ್ಪ.

ಬೇಡ ಎಂದವರು ಬುಡ್ಡಿ ಹುಡುಕಿ ಅದರ ಬತ್ತಿ ಕತ್ತರಿಸಿದರು. ಗೌರಮ್ಮ ಅಂಜನಮ್ಮನ ಕಡೆ ತಿರುಗಿ, "ಒಳ್ಳೇ ಗಂಟು ಹಾಕಿಸಿದೆ ಕಣಕ್ಕಾ! ನನ್ ಹರಕೇನೂ ಹೋಯ್ತು," ಎಂದಳು. ಬೀಗರನ್ನು ಬೈಯೋಣವೆಂದರೆ ಮದುವೆ ಮಾಡಿಸಿದವಳು ತಾನೇ ಎಂದುಕೊಂಡಳು ಅಂಜನಮ್ಮ.

ಆ ಬಾಡಿಗೆ ಕೊಡುವುದು ತನ್ನಿಂದಾಗದೆಂದು, ತಂತಿ ಬಿಚ್ಚಿಕೊಳ್ಳಿ ಎಂದು ಭಾವನಿಗೆ ಹೇಳಿ ಕಳಿಸಿದಳು. ಚಿಕ್ಕಬೈರಪ್ಪ ತಾನೇ ಬಂದ.

"ನೀನು ನಮ್ಮನೆಗೆ ಸೊಸೆ ತಂದುಕೊಟ್ಟೋಳು. ನಿನ್ ಹತ್ರ ಬಾಡಿಗೆ ಈಸ್ಕೊಂಡ್ರೆ ಜನ ಉಗೀತಾರೆ. ಉರಿಸ್ಕೊ. ಆದ್ರೆ ಕೇರಿಯೋರಿಗೆ ಹೇಳ್ಬೇಡ."

ಅವಳು ಬೇಡ ಎನ್ನಬೇಕೆಂದಿದ್ದಳು. ಆದರೆ ಬತ್ತಿಯ ದುಡ್ಡಿಲ್ಲದಿದ್ದರೆ ಇನ್ನಷ್ಟು ಜಲ್ಲಿ ಹೊರಬೇಕಾಗಿತ್ತು; ಸೊಂಟದ ನೋವು ಬೇಡ ಎನ್ನಲು ಬಿಡಲಿಲ್ಲ.

ಆ ವಾರವೆಲ್ಲ ಬಾಗಿಲು ಹಾಕಿಕೊಂಡು ಹೊಸೆದಳು. ತಂತಿ ಬಿಟ್ಟವರು ಹೆಚ್ಚಾಗಿದ್ದರಿಂದ ಬಲ್ಬು ಬೆಳ್ಳಗೆ ಉರಿದು, ಕಡ್ಡಿಗಳೆಲ್ಲ ಸಮನಾಗಿ ಬಂದವು. ಪಕ್ಕದ ಮನೆಯಲ್ಲಿ ಗೌರಮ್ಮ ಬುಡ್ಡಿಯ ಹೊಗೆಗೆ ಕೆಮ್ಮುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಕೊನೆಗೆ ಅಂಜನಮ್ಮನೇ ಎದ್ದುಹೋಗಿ, "ಮಣೆ ಎತ್ಕೊಂಡು ಬಾರಮ್ಮ ಈ ಕಡೆ," ಎಂದಳು. ಗೌರಮ್ಮನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನಡುಮನೆ ತುಂಬಿ, ಕಾಲಿಡಲು ಜಾಗವಿಲ್ಲದಾಯಿತು.

ಸುದ್ದಿ ಮುಟ್ಟಿ ಚಿಕ್ಕಬೈರಪ್ಪ ಬಂದು ಬಾಗಿಲಲ್ಲಿ ನಿಂತ. "ಏನಮ್ಮ ಇದು? ನಿನಗೆ ಅಂತ ಕೊಟ್ರೆ ಸಂತೆ ಮಾಡಿದೀಯಲ್ಲ!"

ಅಂಜನಮ್ಮ ಸೆರಗು ಎಳೆದುಕೊಂಡಳು, ಏಳಲಿಲ್ಲ. "ಬಲ್ಬು ಒಂದೇ ಭಾವ. ಒಬ್ಬಳು ಕೂತ್ರೂ ಅಷ್ಟೇ, ಊರೆಲ್ಲ ಕೂತ್ರೂ ಅಷ್ಟೇ ಕರೆಂಟು ಕುಡಿಯೋದು."

ಅವನು ಹೆಂಗಸರ ಮುಖಗಳನ್ನು ನೋಡಿದ. ಒಬ್ಬರೂ ತಲೆಯೆತ್ತಲಿಲ್ಲ. ಕಪ್ಪು ಕೈಗಳು ಮಣೆಗಳ ಮೇಲೆ ಮುಂದಕ್ಕೂ ಹಿಂದಕ್ಕೂ ಉರುಳುತ್ತಿದ್ದವು. ಅವನು ಬಂದ ದಾರಿಯಲ್ಲೇ ಹೊರಟುಹೋದ.

"ನಾಳೆ ತಂತಿ ಕಿತ್ತುಹಾಕ್ತಾನೆ ನೋಡ್ತಿರು," ಎಂದಳು ಗೌರಮ್ಮ.

"ಕಿತ್ರೆ ನಾಳೆ ತಾನೆ," ಎಂದಳು ಅಂಜನಮ್ಮ. "ಆ ಕಡ್ಡಿ ಕಟ್ಟು ಈ ಕಡೆ ತಳ್ಳು."