ಅಂಗಡಿಯಲ್ಲಿದ್ದ ಒಂದೇ ಒಂದು ಫೋನು

ಮಾತಾಡದೆ ಕತ್ತರಿ ಆಡಿಸುವುದು ಮಾವನಿಗೆ ಗೊತ್ತೇ ಇರಲಿಲ್ಲ. ಕುರ್ಚಿಯಲ್ಲಿ ಕೂತವರ ಕೊರಳಿಗೆ ಬಿಳಿ ಬಟ್ಟೆ ಕಟ್ಟುವಷ್ಟರಲ್ಲಿ ಅವರ ಮನೆಯ ಸಮಾಚಾರ, ಅತ್ತಿಗೆಯ ಮಂಡಿನೋವು, ಮಗಳ ಪರೀಕ್ಷೆ ಎಲ್ಲ ವಿಚಾರಿಸಿ ಮುಗಿದಿರುತ್ತಿತ್ತು. ಕೂದಲು ಬರೀ ನೆಪ. ಬೋಳುತಲೆಯವರೂ ತಿಂಗಳಿಗೊಮ್ಮೆ ತಪ್ಪದೆ ಬಂದು ಕೂತು ಹೋಗುತ್ತಿದ್ದರೆಂದರೆ ನೀವೇ ಊಹಿಸಿಕೊಳ್ಳಿ. ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ಅವನು ಮಾವ. ಅವನು ಮಾವನಾದ ಮೇಲೆ ಅವನ ಹೆಂಡತಿ ಬೀದಿಗೆಲ್ಲ ಅತ್ತೆಯಾಗದೆ ಇನ್ನೇನಾಗುತ್ತಾಳೆ?

ಕೆಳಗೆ ಅಂಗಡಿ, ಮಹಡಿಯ ಮೇಲೆ ಮನೆ. ಎದುರಿಗೆ ಒಂದು ಉದ್ದನೆಯ ಕಲ್ಲುಗೋಡೆ. ಗೋಡೆಯಾಚೆ ಸರ್ಕಾರದ ಕಚೇರಿ. ಆಕಾಶದಲ್ಲಿ ಯಾರು ಬಂದರು, ಯಾರು ಹೋದರು ಎಂದು ಕಾಯುವ ಯಂತ್ರಗಳನ್ನು ಅಲ್ಲಿ ಮಾಡುತ್ತಾರೆಂಬುದು ಬೀದಿಯ ನಾಯಿಗೂ ಗೊತ್ತಿದ್ದ ಗುಟ್ಟು. ಅದರೊಳಗೆ ಫೋನು ಒಯ್ಯುವಂತಿರಲಿಲ್ಲ. ಬೆಳಗ್ಗೆ ಗೇಟಿನ ಕಬ್ಬಿಣದ ಗೂಡಿನಲ್ಲಿಟ್ಟರೆ ಸಂಜೆಯೇ ತೆಗೆಯುವುದು. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಮಾವನ ಅಂಗಡಿಗೆ ಬರುವ ಇಂಜಿನಿಯರುಗಳ ಕೈ ಖಾಲಿ. ಪಾಪ, ಕೈಗೆ ಕೆಲಸವಿಲ್ಲದವರು ಇನ್ನೇನು ಮಾಡಬೇಕು, ಬಾಯಿಗೆ ಕೆಲಸ ಕೊಡುತ್ತಿದ್ದರು. ಒಳಗಿನ ಗುಟ್ಟನ್ನು ಯಾರೂ ಆಡುತ್ತಿರಲಿಲ್ಲ, ಅಷ್ಟು ಬುದ್ಧಿ ಎಲ್ಲರಿಗೂ ಇತ್ತು. ಆದರೆ ಯಾರು ಯಾವ ಊರಿಗೆ ಹೊರಟಿದ್ದಾರೆ, ಯಾರಿಗೆ ಮೇಲಿನವರ ಮೇಲೆ ಕೋಪ, ಯಾರ ಮನೆಯಲ್ಲಿ ನೆಮ್ಮದಿಯಿಲ್ಲ, ಇವೆಲ್ಲ ನೊರೆಯ ಜೊತೆ ಹೊರಗೆ ಬರುತ್ತಿದ್ದವು.

ಅಂಗಡಿಯಲ್ಲಿದ್ದ ಒಂದೇ ಫೋನು ಮಾವನದು. ಕನ್ನಡಿಯ ಕೆಳಗೆ ಪೌಡರ್ ಡಬ್ಬಿಗೆ ಒರಗಿಕೊಂಡು ದಿನವಿಡೀ ಹಳೆಯ ಹಾಡು ಹಾಡುತ್ತಿತ್ತು. "ಮಾವ, ಮನೆಗೊಂದು ಫೋನ್ ಮಾಡ್ಕೊಳ್ಳಾ?" ಎಂದು ಯಾರಾದರೂ ಕೇಳಿದರೆ ನೊರೆಗೈಯಲ್ಲೇ ಎತ್ತಿ ಕೊಡುತ್ತಿದ್ದ. ಇಂಜಿನಿಯರುಗಳಲ್ಲೆಲ್ಲ ಹಿರಿಯರಾದ ಕನ್ನಡಕದ ಸಾಹೇಬರಂತೂ ಹಾಸಿಗೆ ಹಿಡಿದಿದ್ದ ತಾಯಿಯ ಜೊತೆ ದಿನಾ ಅದರಲ್ಲೇ ಮಾತಾಡುತ್ತಿದ್ದರು. "ಇದು ನಂದಲ್ಲಪ್ಪಾ, ಬೀದಿ ಫೋನು" ಎಂದು ಮಾವ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಆಮೇಲೆ ಆ ಫೋನು ಸುಮ್ಮಸುಮ್ಮನೆ ಬಿಸಿಯಾಗತೊಡಗಿತು. ಬೆಳಗ್ಗೆ ಚಾರ್ಜಿಗೆ ಹಾಕಿದ್ದು ಮಧ್ಯಾಹ್ನಕ್ಕೇ ಪ್ರಾಣ ಬಿಡುತ್ತಿತ್ತು. "ಇದಕ್ಕೆ ಜ್ವರ ಕಣ್ರಪ್ಪಾ" ಎಂದು ಮಾವ ಅದರ ಕೆಳಗೆ ಒದ್ದೆ ಟವೆಲು ಹಾಸಿದ. ಎಲ್ಲರೂ ನಕ್ಕರು, ಅವನೂ ನಕ್ಕ.

ಒಂದು ಬೆಳಗ್ಗೆ ಮಾವ ಅಂಗಡಿ ತೆಗೆದು ಕನ್ನಡಿ ಒರೆಸುತ್ತಿದ್ದಾಗ ಬೂದು ಕೋಟಿನವರೊಬ್ಬರು ಒಳಗೆ ಬಂದರು. ಬಾಯಲ್ಲಿ ಮಾತಿಲ್ಲ. ಫೋನಿನ ಕಡೆ ಬೆರಳು ತೋರಿಸಿ, ಅದನ್ನಲ್ಲೇ ಬಿಟ್ಟು ಹೊರಗೆ ಬನ್ನಿ ಎಂದು ಸನ್ನೆ ಮಾಡಿದರು. ಇದ್ಯಾವ ಗ್ರಹಚಾರವಪ್ಪಾ ಎಂದುಕೊಂಡು ಮಾವ ಅವರ ಹಿಂದೆ ಅಂಗಡಿಯ ಹಿತ್ತಲಿಗೆ ಹೋದ.

"ನಿಮ್ಮ ಫೋನಿನೊಳಗೆ ಯಾರೋ ಸೇರ್ಕೊಂಡಿದ್ದಾರೆ," ಎಂದರು ಅವರು ಮೆಲ್ಲಗೆ. "ಬೀದಿ ಕಳ್ಳರಲ್ಲ. ಹೊರಗಿನ ದೇಶವೊಂದರ ಸರ್ಕಾರ. ನೀವು ಆಡಿದ್ದು, ನಿಮ್ಮ ಕುರ್ಚೀಲಿ ಕೂತೋರು ಆಡಿದ್ದು, ಎಲ್ಲ ಅಲ್ಲಿಗೆ ಹೋಗ್ತಿದೆ. ನಾನು ದೇಶದ ಭದ್ರತಾ ಇಲಾಖೆಯವನು. ಆ ಫೋನ್ ನಮಗೆ ಬೇಕು."

ಮಾವನಿಗೆ ಮೊದಲು ಬಂದದ್ದು ನಗು. "ಒಂದು ದೇಶದ ಸರ್ಕಾರಕ್ಕೆ ಬೇರೆ ಕೆಲ್ಸ ಇಲ್ವಾ ಸ್ವಾಮಿ? ನಾನು ಹೇಳೋ ಹಳಸಲು ಜೋಕು ಕೇಳ್ಕೊಂಡು ಕೂತಿರುತ್ತಾ?"

ಬೂದು ಕೋಟಿನವರು ನಗಲಿಲ್ಲ. ಆಗ ಮಾವನಿಗೆ ಅನುಮಾನ ಬಂತು. ಹೋದ ವರ್ಷವಷ್ಟೇ ಯಾರೋ ಫೋನಿನಲ್ಲಿ ತಾವು ಪೊಲೀಸರೆಂದು ಹೇಳಿಕೊಂಡು ಅವನ ನಾದಿನಿಗೆ ಟೋಪಿ ಹಾಕಿದ್ದರು. "ನನ್ನ ಕಿವಿ ಮೇಲೆ ಹೂ ಇಡೋಕೆ ಬಂದ್ರಾ? ಗುರುತಿನ ಚೀಟಿ ತೋರಿಸ್ಬೇಡಿ, ಅದನ್ನ ಯಾರು ಬೇಕಾದ್ರೂ ಮಾಡಿಸ್ಕೊಳ್ತಾರೆ. ಫೋನ್ ಕೊಡಲ್ಲ, ಹೋಗಿ."

"ಒಳ್ಳೇದು. ನನ್ನನ್ನ ನಂಬಬೇಡಿ," ಎಂದರು ಅವರು. "ಎದುರಿನ ಗೇಟಿಗೆ ಹೋಗಿ, ನಿಮಗೆ ಗೊತ್ತಿರೋರನ್ನೇ ಕೇಳಿ. ಅಲ್ಲೀವರೆಗೆ ನಾನು ಇಲ್ಲೇ ನಿಂತಿರ್ತೀನಿ."

ಗೇಟಿನ ಹಿರಿಯ ಕಾವಲುಗಾರ ಮಾವನ ಹಳೆಯ ಗಿರಾಕಿ. ಅವನ ಮೊದಲ ಮೀಸೆ ತಿದ್ದಿದವನೇ ಮಾವ. ಆ ಕಾವಲುಗಾರ ಅವತ್ತು ಮಾವನ ಮುಖ ನೋಡಲಿಲ್ಲ, ತನ್ನ ಬೂಟು ನೋಡಿಕೊಂಡ. "ಕೊಟ್ಬಿಡಿ ಮಾವ. ಅವರು ಹೇಳ್ತಿರೋದು ನಿಜ" ಎಂದ.

ಮಾವ ವಾಪಸು ಬಂದು ಫೋನು ಕೊಟ್ಟ. ಅವರು ಅದನ್ನೊಂದು ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದರು. "ನಾನೇನು ಮಾಡಬಾರದ್ದು ಮಾಡ್ದೆ? ಯಾವುದನ್ನ ಒತ್ಬಿಟ್ಟೆ?" ಎಂದು ಮಾವ ಕೇಳಿದ.

"ಏನನ್ನೂ ಒತ್ತಿಲ್ಲ. ಒಂದು ಮಿಸ್ಡ್ ಕಾಲ್ ಬಂತು, ಅಷ್ಟೇ ಸಾಕಾಯ್ತು. ಈ ಬೀದೀಲಿ ಆ ಕಚೇರಿಯವರ ಪಕ್ಕದಲ್ಲಿ ಇರೋ ಫೋನ್ ಇದೊಂದೇ ಅಂತ ಅವರು ಕಂಡ್ಕೊಂಡಿದ್ರು."

"ನಿಮಗೆ ಯಾವತ್ತಿಂದ ಗೊತ್ತು?"

ಇಲ್ಲಿ ಅವರು ಒಂದು ಸುಳ್ಳು ಹೇಳಬಹುದಿತ್ತು. ಯಾರು ಪರೀಕ್ಷೆ ಮಾಡುತ್ತಿದ್ದರು? "ಆರೇಳು ವಾರ ಆಯ್ತು," ಎಂದರು. "ನೀವೂ ಅವರ ಜೊತೆ ಸೇರಿರಬಹುದು ಅನ್ನೋ ಅನುಮಾನ ಇತ್ತು. ಇಲ್ಲ ಅಂತ ಗಟ್ಟಿ ಆಗೋವರೆಗೆ ನಿಮಗೆ ಹೇಳೋ ಹಾಗಿರಲಿಲ್ಲ."

ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಆ ಆರೇಳು ವಾರಗಳಲ್ಲೇ ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು. ಗಂಡ ಹೆಂಡತಿ ಆಸ್ಪತ್ರೆಗೆ ಅಲೆದರು, ಮನೆಗೆ ಬಂದು ತಲೆದಿಂಬಿಗೆ ಮುಖ ಒತ್ತಿ ಅತ್ತರು. ಗಂಟಿನಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಅದಕ್ಕಿಂತ ಜೋರಾಗಿ ಅತ್ತರು. ಹಾಳಾದ ಆ ಫೋನು ದಿಂಬಿನ ಪಕ್ಕದಲ್ಲೇ ಇತ್ತು.

"ನನ್ನ ಹೆಂಡತಿ ಅತ್ತಿದ್ದನ್ನೂ ಕೇಳಿಸ್ಕೊಂಡ್ರಾ?" ಎಂದ.

"ಅವರು ಕೇಳಿರಬಹುದು. ನಾವು ಅದು ಎಲ್ಲಿಗೆ ಹೋಗ್ತಿದೆ ಅನ್ನೋದನ್ನ ಮಾತ್ರ ನೋಡ್ತಿದ್ವಿ, ಮಾತು ಕೇಳ್ಲಿಲ್ಲ. ಇದನ್ನ ನೀವು ನಂಬ್ಲೇಬೇಕು ಅಂತ ನಾನು ಹೇಳಲ್ಲ." ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಅವರೇ ಮುಂದುವರಿಸಿದರು. "ಇನ್ನೂ ಕೆಲವು ಫೋನಲ್ಲಿ ಇದೇ ಇದೆ. ಅವೆಲ್ಲ ನಮ್ಮ ಕೈಗೆ ಸಿಗೋವರೆಗೆ ಈ ವಿಷಯ ಯಾರ ಹತ್ರನೂ ಆಡ್ಬೇಡಿ. ಮನೆಯವರಿಗೆ ಹೇಳಿ, ಸಾಕು. ಎಲ್ಲ ಮುಗಿದ ಮೇಲೆ ನಾನೇ ಬಂದು, ನಿಮ್ಮ ತಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳ್ತೀನಿ."

ಕೆಕ್ಕರಿಸಿ ನೋಡಿದನೇ ಹೊರತು ಮಾವ ತಕ್ಷಣ ಒಪ್ಪಲಿಲ್ಲ. ಆದರೆ ಕೊನೆಗೆ ಹೂಂ ಅಂದ. ಹೂಂ ಅಂದದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಬಹುಶಃ ಆರೇಳು ವಾರ ಅಂತ ಅವರು ನಿಜ ಹೇಳಿದ್ದಕ್ಕಿರಬೇಕು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಕಚೇರಿಯೊಳಗೆ, ಎದುರಿನ ಅಂಗಡಿಗೆ ಸದ್ಯಕ್ಕೆ ಹೋಗಬೇಡಿ ಎಂದು ಮೇಲಿನವರು ಹೇಳಿದರು. ಯಾಕೆಂದು ಹೇಳಲಿಲ್ಲ. ಯಾಕೆಂದು ಹೇಳದಿದ್ದರೆ ಜನ ಬಿಡುತ್ತಾರೆಯೇ? ಸಂಜೆಯೊಳಗೆ ತಾವೇ ಹುಟ್ಟಿಸಿಕೊಂಡರು. ಮಾವ ಗೂಢಚಾರನಂತೆ. ಹೊರದೇಶದವರಿಗೆ ಸುದ್ದಿ ಮಾರಿಕೊಂಡನಂತೆ. ಅಷ್ಟೊಂದು ಮಾತಾಡಿಸುತ್ತಿದ್ದದ್ದು ಅದಕ್ಕೇ ಅಂತೆ. ಅಂತೆಕಂತೆಗೆ ಕಾಲು ಬಂದರೆ ಹಿಡಿಯುವವರು ಯಾರು!

ಅಂಗಡಿ ಭಣಭಣ. ಬೀದಿಯವರೂ ಒಬ್ಬೊಬ್ಬರಾಗಿ ಕಳಚಿಕೊಂಡರು. ಕನ್ನಡಕದ ಸಾಹೇಬರು ಮಾವನನ್ನು ಕಂಡೊಡನೆ ರಸ್ತೆ ದಾಟಿ ಆಚೆ ಬದಿಗೆ ಹೋದರು. ಬೇರೆಲ್ಲೋ ಕಟಿಂಗ್ ಮಾಡಿಸಿಕೊಂಡಿದ್ದರು. ಕಿವಿಯ ಹಿಂದೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅಷ್ಟು ಅವಮಾನದಲ್ಲೂ ಮಾವನ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು. ಒಮ್ಮೆ ಕರೆದು ಸರಿಮಾಡಿ ಕಳಿಸಿಬಿಡೋಣ ಅನಿಸಿತು.

ಅಂಗಡಿಯ ಟವೆಲುಗಳನ್ನು ಒಗೆಯುವುದು ಅತ್ತೆಯ ಪಾಲಿನ ಕೆಲಸ. ದಿನಾ ಸಂಜೆ ಬುಟ್ಟಿ ತುಂಬಿ ಮಹಡಿಗೆ ಬರುತ್ತಿತ್ತು. ಈಗ ಬುಟ್ಟಿಯ ತಳದಲ್ಲಿ ಎರಡೋ ಮೂರೋ. ಒಂದು ಸಂಜೆ ಮಾವ ಬುಟ್ಟಿ ತಂದಿಟ್ಟು ಸರಸರ ಕೆಳಗಿಳಿದ. ಅತ್ತೆ ನೋಡುತ್ತಾಳೆ, ಹತ್ತಾರು ಟವೆಲುಗಳಿವೆ. ಎತ್ತಿ ಮೂಸಿದಳು. ಒಂದರಲ್ಲೂ ಸೋಪಿನ ನೊರೆಯ ವಾಸನೆಯಿಲ್ಲ. ನಲ್ಲಿಯ ನೀರಿನಲ್ಲಿ ಅದ್ದಿ ತಂದಿದ್ದ, ಮಹಾರಾಯ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗಿಳಿದು ಬಂದು ಖಾಲಿ ಕುರ್ಚಿಯಲ್ಲಿ ಕೂತಳು. "ರೀ, ಇರೋ ವಿಷಯ ಹೇಳ್ಬಿಡ್ರೀ. ನಾವೇನು ಕದ್ದಿದ್ದೀವಾ?"

"ಮಾತು ಕೊಟ್ಟಿದ್ದೀನಿ ಕಣೇ."

"ಯಾರಿಗೆ? ನಿಮ್ಮನ್ನ ಕಳ್ಳ ಅಂದ್ಕೊಂಡು ವಾರಗಟ್ಟಲೆ ಕಾದು ಕೂತಿದ್ದೋರಿಗಾ? ಅವರು ತಿರುಗಿ ಬರ್ತಾರೆ ಅಂತ ನಂಬ್ಕೊಂಡಿದ್ದೀರಾ?"

ಅವರು ಬರದಿದ್ದರೆ ತಾನು ಸಾಯುವವರೆಗೂ ದೇಶದ್ರೋಹಿಯೇ ಎಂಬುದು ಮಾವನಿಗೂ ಗೊತ್ತಿತ್ತು. ಅಂಗಡಿ ಮುಚ್ಚಿ ಬೇರೆಲ್ಲಾದರೂ ಹೋಗಬಹುದು, ಹೆಸರನ್ನು ಎಲ್ಲಿಗೆ ಒಯ್ಯುವುದು? ಒಂದು ಮಾತು ಬಿಟ್ಟರೆ ಸಾಕಿತ್ತು, ಅವನ ಭಾರ ಇಳಿಯುತ್ತಿತ್ತು. ಆದರೆ ಆ ಬಾಯಿಬಡುಕ, ಮಾತೇ ಉಸಿರಾಗಿದ್ದವನು, ಹಲ್ಲು ಕಚ್ಚಿ ಸುಮ್ಮನಿದ್ದ. ಅತ್ತೆ ಅವನ ಮುಖ ನೋಡಿದಳು. "ನಿಮಗೆ ಸುಮ್ಮನಿರೋಕೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು" ಎಂದು ಹೇಳಿ ಒದ್ದೆ ಟವೆಲುಗಳನ್ನು ಒಣಗಹಾಕಲು ಹೋದಳು. ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಬೈಯದೆ ಹೋದದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದ.

ಚಳಿ ಮುಗಿದು ಬಿಸಿಲು ಬಂತು. ಒಂದು ಮಧ್ಯಾಹ್ನ, ಕಚೇರಿಯ ಬಿಡುವಿನ ಹೊತ್ತಿಗೆ ಸರಿಯಾಗಿ, ಬೂದು ಕೋಟಿನವರು ಬೀದಿಯ ನಡುವೆ ನಡೆದುಕೊಂಡು ಬಂದರು. ಜೊತೆಯಲ್ಲಿ ಗೇಟಿನ ಕಾವಲುಗಾರ, ಕಚೇರಿಯ ಏಳೆಂಟು ಮಂದಿ, ಅವರ ಹಿಂದೆ ತಲೆ ತಗ್ಗಿಸಿದ ಕನ್ನಡಕದ ಸಾಹೇಬರು. ಅಂಗಡಿಯ ಮುಂದೆ ನಿಂತು ಬೂದು ಕೋಟಿನವರು ಎಲ್ಲರಿಗೂ ಕೇಳುವಂತೆ ಹೇಳಿದರು.

"ಇವರ ಫೋನೊಳಗೆ ಹೊರಗಿನ ಸರ್ಕಾರ ಸೇರಿತ್ತು. ಇವರ ತಪ್ಪು ಒಂದಿಷ್ಟೂ ಇಲ್ಲ. ಇವರು ಬಾಯಿ ಬಿಟ್ಟಿದ್ರೆ ಮಿಕ್ಕ ಫೋನುಗಳನ್ನ ನಾವು ಹಿಡಿಯೋಕೆ ಆಗ್ತಿರಲಿಲ್ಲ. ನಾವು ಇವರ ಮೇಲೆ ಅನುಮಾನ ಪಟ್ವಿ. ನಿಮಗೆ ಕಾರಣ ಹೇಳದೆ ಇವರ ಹೆಸರು ಕೆಡೋಕೆ ಬಿಟ್ವಿ. ಆ ತಪ್ಪು ನಮ್ಮ ಇಲಾಖೆಯದು. ಇದನ್ನ ಹೀಗೆ ಬಹಿರಂಗವಾಗಿ ಹೇಳೋಕೆ ಅನುಮತಿ ತರೋದಕ್ಕೇ ಇಷ್ಟು ದಿನ ಹಿಡೀತು."

ಅವರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಬಾಗಿಲಿಗೆ ಎದುರಾಗಿದ್ದ ಕುರ್ಚಿಯಲ್ಲಿ ಕೂತರು. "ಶೇವ್ ಮಾಡಿ. ಮಷೀನ್ ಬೇಡ, ಕತ್ತೀಲೇ."

ಮಾವ ನೊರೆ ಎಬ್ಬಿಸಿದ, ಹಚ್ಚಿದ, ಕತ್ತಿ ತೆಗೆದ. ಅಷ್ಟು ದಿನದ ಸಿಟ್ಟೆಲ್ಲ ಬೆರಳಿಗೆ ಬಂದು ನಿಂತಿತ್ತು. ಅವರು ತಲೆ ಹಿಂದಕ್ಕೆ ವಾಲಿಸಿ ಗಂಟಲು ಒಡ್ಡಿದರು. ಕತ್ತಿಯ ಅಂಚು ತಾಗುವ ಜಾಗದಲ್ಲಿ ನಾಡಿ ಡವಡವ ಬಡಿದುಕೊಳ್ಳುತ್ತಿರುವುದು ಮಾವನಿಗೆ ಕಂಡಿತು.

"ಹೆದರಿಕೆ ಆಗ್ತಿದ್ಯಾ?" ಎಂದು ಅವರಿಗಷ್ಟೇ ಕೇಳುವಂತೆ ಕೇಳಿದ.

"ಹೂಂ," ಎಂದರು. ಇಲ್ಲಿಯೂ ಸುಳ್ಳು ಹೇಳಲಿಲ್ಲ.

"ನನಗೂ ಆಗಿತ್ತು. ಫೋನ್ ಕೊಟ್ಟ ದಿನ."

ಅವರು ಕಣ್ಣು ಮುಚ್ಚಿಕೊಂಡರು. ಮಾವನ ಕಣ್ಣು ತುಂಬಿ ಬಂದು ಕತ್ತಿ ಮಂಜಾಯಿತು. ತೋಳಿನಿಂದ ಕಣ್ಣೊರೆಸಿಕೊಂಡು, ಅಷ್ಟು ಹಗುರವಾಗಿ ಯಾರಿಗೂ ಮಾಡಿರದ ಶೇವ್ ಮಾಡಿದ. ಒಂದು ಗೀರೂ ಬೀಳಲಿಲ್ಲ. ಮುಗಿಯುವಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು. ಕನ್ನಡಕದ ಸಾಹೇಬರು. "ಕ್ಷಮಿಸ್ಬಿಡಿ ಮಾವ" ಎಂದರು, ಕನ್ನಡಿಯಲ್ಲಿ ಅವನನ್ನೇ ನೋಡುತ್ತ.

"ಅದು ಆಮೇಲೆ. ಮೊದಲು ಆ ಕಿವಿ ಹಿಂದಿನದ್ದು ಯಾರು ಮಾಡಿದ್ದು ಹೇಳಿ. ಅವನನ್ನ ಹಿಡಿಸ್ಬೇಕು," ಎಂದ ಮಾವ. ಅಂಗಡಿಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸಂಜೆ ಬುಟ್ಟಿ ತುಂಬಿ ಮಹಡಿಗೆ ಹೋಯಿತು. ಅತ್ತೆ ಮೇಲಿನ ಟವೆಲನ್ನು ಎತ್ತಿ ಮೂಸಿ, ಮುಖಕ್ಕೊತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಮಾವನ ಹೊಸ ಫೋನು ಈಗ ಮಹಡಿಯ ಮೇಲೆ, ಅತ್ತೆಯ ಪಕ್ಕದಲ್ಲಿರುತ್ತದೆ. ಅಂಗಡಿಯಲ್ಲಿ ಹಾಡಿಗೆ ಹಳೆಯ ರೇಡಿಯೋ ಬಂದಿದೆ. ಇಲಾಖೆಯೆಂದರೆ ಮಾವನಿಗೆ ಇವತ್ತಿಗೂ ಪೂರ್ತಿ ನಂಬಿಕೆಯೇನಿಲ್ಲ, ಕೇಳಿದರೆ ಮುಖ ಸಿಂಡರಿಸುತ್ತಾನೆ. ಬೂದು ಕೋಟಿನವರು ಮಾತ್ರ ತಿಂಗಳಿಗೊಮ್ಮೆ ಬರುತ್ತಾರೆ. ಬರುವಾಗ ರಾತ್ರಿಯಿಡೀ ನಿದ್ದೆಗೆಟ್ಟು ಕಣ್ಣು ಕೆಂಪಗಿರುತ್ತದೆ. ಎರಡನೆಯ ಸಲ ಬಂದಾಗ ಮಾವ ಬಿಸಿ ಟವೆಲು ಸುತ್ತಿ ಕತ್ತಿ ಸಾಣೆ ಹಿಡಿದು ತಿರುಗುವಷ್ಟರಲ್ಲಿ, ಗಂಟಲು ಮೇಲೆ ಮಾಡಿಕೊಂಡೇ ಅವರಿಗೆ ನಿದ್ದೆ ಬಂದುಬಿಟ್ಟಿತ್ತು. ಗೊರಕೆ ಬೇರೆ. ಮಾವ ನಾಡಿ ಬಡಿಯುವ ಜಾಗವನ್ನು ನೋಡಿದ. ಅದು ಸಾವಧಾನವಾಗಿ ಬಡಿಯುತ್ತಿತ್ತು.

ಅಷ್ಟರಲ್ಲಿ ಕನ್ನಡಕದ ಸಾಹೇಬರು ಒಳಗೆ ಬಂದು, "ಮಾವ, ಒಂದು ಸುದ್ದಿ ಗೊತ್ತಾ..." ಎಂದು ಶುರುಮಾಡಿದರು. ಹುಟ್ಟಿದಾಗಿನಿಂದ ಯಾರ ಮಾತನ್ನೂ ತಡೆಯದಿದ್ದ ಮಾವ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಗೆ ಸಾಹೇಬ್ರೇ. ನಾವು ಮಲಗಿದ್ದಾಗ ಎದ್ದಿದ್ದೋರು. ಸ್ವಲ್ಪ ಮಲ್ಕೊಳ್ಳಲಿ," ಎಂದು ಹೇಳಿ, ಕತ್ತಿಯನ್ನು ಮಡಚಿ ಪಕ್ಕಕ್ಕಿಟ್ಟು, ರೇಡಿಯೋದ ಕಿವಿ ಹಿಂಡಿ ಹಾಡನ್ನು ಸಣ್ಣಗೆ ಮಾಡಿದ.