ಬಿಳಿ ಚಿನ್ನದ ಕಳ್ಳತನ

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಬೇಸಿಗೆ ಅದು. ಶೇಷಾದ್ರಿಪುರಂನ ಒಂದು ಖಾಸಗಿ ಲೋಹ ಪರೀಕ್ಷಾಲಯದಲ್ಲಿ ನಾನು ಮುಖ್ಯ ಮೆಟಲರ್ಜಿಸ್ಟ್ ಆಗಿದ್ದೆ. ಮುರಿದ ಲೋಹ ಯಾಕೆ ಮುರಿಯಿತು ಎಂದು ಕಂಡುಹಿಡಿದು ಹೇಳುವುದು ನನ್ನ ಕೆಲಸ. ಬಾಯ್ಲರ್ ಪೈಪು, ಲಿಫ್ಟಿನ ಬೋಲ್ಟು, ಕ್ರೇನಿನ ಕೊಕ್ಕೆ ಇಂಥವೇ ಹೆಚ್ಚು. ಒಡವೆ ಬರುತ್ತಿದ್ದುದು ಅಪರೂಪ, ಬಂದರೆ ನನಗೆ ಖುಷಿಯೇನೂ ಆಗುತ್ತಿರಲಿಲ್ಲ. ಬಾಯ್ಲರ್ ಒಡೆದರೆ ಮಾಲೀಕ ಬಂದು ಕಾರಣ ಕೇಳುತ್ತಾನೆ. ಒಡವೆ ಮುರಿದರೆ ಮಾಲೀಕನಿಗೆ ಕಾರಣ ಮೊದಲೇ ಗೊತ್ತಿರುತ್ತದೆ, ಮತ್ತು ಆ ಕಾರಣ ಸಾಮಾನ್ಯವಾಗಿ ಅವನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತದೆ.

ಒಂದು ಬೆಳಿಗ್ಗೆ ವಿಮಾ ಕಂಪನಿಯ ಅಧಿಕಾರಿಯೊಬ್ಬರು ಸಣ್ಣ ಡಬ್ಬಿಯಲ್ಲಿ ಒಂದು ಉಂಗುರ ತಂದರು. ಬಿಳಿ ಚಿನ್ನದ್ದು. ನಡುವೆ ವಜ್ರ ಇರಬೇಕಾದ ಜಾಗ ಖಾಲಿ. ಕಲ್ಲನ್ನು ಹಿಡಿದಿಡಲು ಸುತ್ತ ನಿಲ್ಲಿಸಿರುವ ಪುಟ್ಟ ಕಾಲುಗಳಿಗೆ ಪ್ರಾಂಗ್ ಎನ್ನುತ್ತೇವೆ. ಆರರಲ್ಲಿ ಎರಡು ಪ್ರಾಂಗ್ ಮುರಿದಿದ್ದವು.

ಉಂಗುರ ಬಸವನಗುಡಿಯ ರಾಜಶೇಖರ ಎಂಬುವರ ಹೆಂಡತಿ ಸುಮಾ ಅವರದು. ರಾಜಶೇಖರ ಸೈಟು, ಕಟ್ಟಡಗಳ ವ್ಯವಹಾರದವರು. ಮನೆಕೆಲಸದ ಗೌರಮ್ಮ ಕಲ್ಲನ್ನು ಕಿತ್ತುಕೊಂಡಿದ್ದಾಳೆ ಎಂದು ಅವರು ಪೊಲೀಸರಿಗೆ ದೂರು ಕೊಟ್ಟಿದ್ದರು, ವಿಮಾ ಕಂಪನಿಗೂ ಬರೆದಿದ್ದರು. ಅಧಿಕಾರಿ ನನಗೆ ಇನ್ನೊಂದು ಮಾತನ್ನೂ ಹೇಳಿದರು. ಆ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಉಂಟು, ಉಂಗುರ ತಾನಾಗಿ ಸವೆದು ಮುರಿದರೆ ಇಲ್ಲ. ಅಷ್ಟು ಸಾಕಾಯಿತು. ಆ ಮನುಷ್ಯನಿಗೆ ಒಬ್ಬ ಕಳ್ಳಿಯ ಅಗತ್ಯವಿತ್ತು, ಮನೆಯಲ್ಲೇ ಒಬ್ಬಳು ಸಿಕ್ಕಿದ್ದಳು.

ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಯಾರಾದರೂ ಚಾಕುವಿನಿಂದಲೋ ಪಿನ್ನಿನಿಂದಲೋ ಕಲ್ಲನ್ನು ಎಬ್ಬಿಸಿದ್ದರೆ ಪ್ರಾಂಗ್ ಮೊದಲು ಬಾಗುತ್ತದೆ, ಗೀರು ಬೀಳುತ್ತದೆ. ಇಲ್ಲಿ ಬಾಗಿದ್ದೂ ಇಲ್ಲ, ಗೀರೂ ಇಲ್ಲ. ಮುರಿದ ಮುಖ ಕಲ್ಲುಸಕ್ಕರೆ ಒಡೆದಂತೆ ಹರಳುಹರಳಾಗಿತ್ತು. ಉಳಿದ ನಾಲ್ಕು ಪ್ರಾಂಗ್‌ಗಳ ಬುಡದಲ್ಲೂ ಕೂದಲೆಳೆಯಂಥ ಬಿರುಕುಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಆ ಬಿರುಕುಗಳೊಳಗೆ ಕ್ಲೋರಿನ್ ಸಿಕ್ಕಿತು.

ಇಲ್ಲಿ ಚಿನ್ನದ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತನಾಲ್ಕು ಕ್ಯಾರೆಟ್ ಅಂದರೆ ಅಪ್ಪಟ ಚಿನ್ನ. ಅದು ತೀರ ಮೆದು, ಅದರಲ್ಲಿ ಮಾಡಿದ ಉಂಗುರ ಕೆಲವೇ ದಿನಗಳಲ್ಲಿ ಆಕಾರ ಕೆಡುತ್ತದೆ. ಆದ್ದರಿಂದ ಬೇರೆ ಲೋಹ ಬೆರೆಸುತ್ತಾರೆ. ಬೆರೆಸುವುದು ಮೋಸವಲ್ಲ, ಬೆರೆಸದಿದ್ದರೆ ಒಡವೆಯೇ ಇಲ್ಲ. ನಮ್ಮ ಬಳೆ, ಸರಗಳ ಇಪ್ಪತ್ತೆರಡು ಕ್ಯಾರೆಟ್ಟಿನಲ್ಲಿ ತುಸು ತಾಮ್ರ, ಬೆಳ್ಳಿ ಇರುತ್ತದೆ. ವಜ್ರ ಕೂರಿಸಲು ಅದೂ ಸಾಲದು, ಕಲ್ಲನ್ನು ಬಿಗಿಯಾಗಿ ಹಿಡಿಯುವ ಗಡಸುತನ ಬೇಕು. ಅದಕ್ಕೆ ಹದಿನೆಂಟು, ಹದಿನಾಲ್ಕು ಕ್ಯಾರೆಟ್. ಈ ಉಂಗುರ ಹದಿನಾಲ್ಕರದು, ಅಂದರೆ ಸಾವಿರ ಪಾಲಿನಲ್ಲಿ ಐನೂರ ಎಂಬತ್ತೈದು ಪಾಲು ಮಾತ್ರ ಚಿನ್ನ. ಬಿಳಿ ಬಣ್ಣ ಬರಿಸಲು ಪಲ್ಲಾಡಿಯಂ ಬೆರೆಸಬಹುದು, ಅದು ದುಬಾರಿ. ಅಗ್ಗದ ದಾರಿ ನಿಕ್ಕಲ್, ಪರೀಕ್ಷೆಯಲ್ಲಿ ಈ ಉಂಗುರದಲ್ಲಿ ಕಂಡದ್ದೂ ಅದೇ. ನಿಕ್ಕಲ್ ಬೆರೆತ ಚಿನ್ನ ಗಟ್ಟಿ, ಚೆನ್ನಾಗಿ ಹೊಳೆಯುತ್ತದೆ. ಆದರೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಎದ್ದುಬಿಡುತ್ತದೆ. ಜೊತೆಗೆ ಕ್ಲೋರಿನ್ ಅಂದರೆ ಅದಕ್ಕೆ ವೈರಿ. ಕಲ್ಲನ್ನು ಅದುಮಿ ಹಿಡಿದಿರುವ ಪ್ರಾಂಗ್ ಯಾವಾಗಲೂ ಒತ್ತಡದಲ್ಲಿರುತ್ತದೆ. ಕ್ಲೋರಿನ್ ನೀರು ಮತ್ತೆ ಮತ್ತೆ ತಾಗಿದರೆ ಹೊರಗೆ ಏನೂ ಕಾಣದಂತೆ ಒಳಗೊಳಗೇ ಬಿರುಕು ಬಿಡುತ್ತ ಹೋಗುತ್ತದೆ. ಇದಕ್ಕೆ ಸ್ಟ್ರೆಸ್ ಕರೋಷನ್ ಕ್ರ್ಯಾಕಿಂಗ್ ಎಂದು ಹೆಸರು.

ಉಂಗುರ ಮಾರಿದ ಅಂಗಡಿಗೆ ಫೋನ್ ಮಾಡಿ ಬಿಳುಪಿಗೆ ಏನು ಬೆರೆಸಿದ್ದೀರಿ ಎಂದು ಕೇಳಿದೆ. ಮ್ಯಾನೇಜರ್ ನಕ್ಕ. "ಮೇಡಮ್, ವೈಟ್ ಗೋಲ್ಡ್ ಅಂದ್ರೆ ಪ್ಯೂರ್ ಗೋಲ್ಡೇ. ಕಲರ್ ಮಾತ್ರ ಬೇರೆ." ಇಂಥವರು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಚಿನ್ನ ಮಾರುತ್ತಾರೆ. ತರಕಾರಿ ಮಾರುವವನಿಗೆ ಕೂಡ ತನ್ನ ಬುಟ್ಟಿಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ.

ಕ್ಲೋರಿನ್ ಎಲ್ಲಿಂದ ಬಂತು ಎಂದು ತಿಳಿಯಲು ವಿಮಾ ಅಧಿಕಾರಿಯ ಜೊತೆ ಬಸವನಗುಡಿಗೆ ಹೋದೆ. ರಾಜಶೇಖರ ಸೋಫಾದಿಂದ ಏಳಲಿಲ್ಲ.

"ಅದ್ರಲ್ಲಿ ಟೆಸ್ಟ್ ಮಾಡೋದೇನಿದೆ ಮೇಡಮ್? ಹಾಲ್‌ಮಾರ್ಕ್ ಇದೆ, ತಾನಾಗೆ ಮುರಿಯೋ ಚಾನ್ಸೇ ಇಲ್ಲ. ಇವ್ರ ಕೈ ಸುಮ್ನಿರಲ್ಲ, ನಮಗ್ ಗೊತ್ತಿಲ್ವಾ?"

"ಹಾಲ್‌ಮಾರ್ಕ್ ಚಿನ್ನ ಎಷ್ಟಿದೆ ಅಂತ ಹೇಳುತ್ತೆ. ಉಳಿದದ್ದು ಏನು ಅಂತ ಹೇಳಲ್ಲ" ಎಂದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಸುಮಾ ಬಾಗಿಲ ಬಳಿ ನಿಂತಿದ್ದರು. ಅವರ ಬೆರಳಲ್ಲಿ ಉಂಗುರವಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. "ಉಂಗುರ ಯಾವಾಗ್ಲೂ ಹಾಕ್ಕೊಂಡೇ ಇರ್ತಿದ್ರಾ?" ಎಂದು ಕೇಳಿದೆ.

"ಹೂಂ. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದು ವಾಷ್‌ಬೇಸಿನ್ ಹತ್ರ ಇಡ್ತೀನಿ."

"ಈಜಕ್ಕೆ ಹೋಗ್ತೀರಾ?"

"ದಿನಾ ಬೆಳಿಗ್ಗೆ, ಕ್ಲಬ್ಬಲ್ಲಿ. ಮೂರು ವರ್ಷ ಆಯ್ತು. ಅಲ್ಲಿ ತೆಗೆಯಲ್ಲ, ಕಳೆದುಹೋದ್ರೆ ಅಂತ ಭಯ."

"ನಿನ್ನ ಯಾರ್ ಕೇಳಿದ್ರು ಅದನ್ನೆಲ್ಲ? ಒಳಗ್ ಹೋಗು" ಎಂದರು ರಾಜಶೇಖರ. ಆಕೆ ಒಳಗೆ ಹೋದರು. ಕಾಫಿ ಬೇಕೇ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಕುಡಿಯುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅಧಿಕಾರಿ ಗೌರಮ್ಮನ ಸಂಗತಿ ಹೇಳಿದರು. ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ಮಗಳ ಜೊತೆ ಇದ್ದ ಹೆಂಗಸು. ಪೊಲೀಸರು ಹಗಲಲ್ಲೇ ಜೀಪಿನಲ್ಲಿ ಹೋಗಿ, ಅಕ್ಕಿ ಡಬ್ಬ ಸಹಿತ ಮನೆಯನ್ನೆಲ್ಲ ಬೀದಿಗೆ ತಂದು ಸುರಿದು ಹುಡುಕಿದ್ದರು. ಏನೂ ಸಿಕ್ಕಿರಲಿಲ್ಲ. ಆದರೂ ಠಾಣೆಗೆ ಕರೆಸಿ ದಿನವಿಡೀ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆಕೆ ಕೆಲಸ ಮಾಡುತ್ತಿದ್ದ ಇನ್ನೆರಡು ಮನೆಯವರೂ ಬರಬೇಡ ಎಂದಿದ್ದರು.

ನಾನು ಎಲ್ಲರನ್ನೂ ಪರೀಕ್ಷಾಲಯಕ್ಕೆ ಕರೆಸುವಂತೆ ಕೇಳಿಕೊಂಡೆ. ರಾಜಶೇಖರ, ಸುಮಾ, ಸಬ್ ಇನ್‌ಸ್ಪೆಕ್ಟರ್, ವಿಮಾ ಅಧಿಕಾರಿ ಬಂದು ಕೂತರು. ಗೌರಮ್ಮ ಗೋಡೆಗೆ ಒರಗಿ ನಿಂತರು. ನಾನೇ ಒಂದು ಕುರ್ಚಿ ಎಳೆದು ಹಾಕಿ ಕೂರಿ ಎಂದೆ. ತಮ್ಮ ಸಾಲಿನಲ್ಲೇ ಆಕೆ ಕೂತದ್ದು ನೋಡಿ ರಾಜಶೇಖರ ತಮ್ಮ ಕುರ್ಚಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡರು.

ಮೈಕ್ರೋಸ್ಕೋಪಿನ ಚಿತ್ರ ಎಲ್ಲರಿಗೂ ಪರದೆಯ ಮೇಲೆ ಕಾಣುತ್ತಿತ್ತು. ಮೊದಲು ಗುಜರಿಯ ಒಂದು ಉಂಗುರದಿಂದ ಕಲ್ಲನ್ನು ಚಾಕುವಿನಿಂದ ಎಬ್ಬಿಸಿ ತೋರಿಸಿದೆ. ಅದರ ಪ್ರಾಂಗ್ ಬಾಗಿತು, ಉದ್ದಕ್ಕೂ ಗೀರು ಬಿತ್ತು. "ಕಿತ್ತರೆ ಹೀಗಾಗುತ್ತೆ" ಎಂದೆ. ಆಮೇಲೆ ವಿಮಾ ಅಧಿಕಾರಿಯ ಒಪ್ಪಿಗೆ ಪಡೆದು, ಸುಮಾ ಅವರ ಉಂಗುರದಲ್ಲಿ ಉಳಿದಿದ್ದ ಒಂದು ಪ್ರಾಂಗನ್ನು ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಿದೆ. ಅದು ಬಾಗಲಿಲ್ಲ. ಒಣಗಿದ ಕಡ್ಡಿಯ ಹಾಗೆ ಪಟ್ಟನೆ ಮುರಿದು ಪರದೆಯಾಚೆ ಹಾರಿತು.

ಸಬ್ ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡು, "ನಾವೇನೂ ಕೇಸ್ ಹಾಕಿಲ್ಲ ಮೇಡಮ್, ಬರೀ ವಿಚಾರಣೆ" ಎಂದರು. ಅಕ್ಕಿ ಡಬ್ಬ ಸುರಿದು ನೋಡುವುದು ಅವರ ಪಾಲಿಗೆ ಬರೀ ವಿಚಾರಣೆ.

"ಈಜುಕೊಳದ ಕ್ಲೋರಿನ್ ಇದನ್ನ ಮುರಿದಿದೆ. ಕಲ್ಲು ಕೊಳದಲ್ಲೋ ದಾರೀಲೋ ಎಲ್ಲೋ ಬಿದ್ದಿದೆ" ಎಂದೆ.

ರಾಜಶೇಖರ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಡಮ್, ಎರಡೂ ಆಗಿರ್ಬೋದು ಅಂತ ಬರೀರಿ. ಬಿರುಕೂ ಇತ್ತು, ಅವಳೂ ಕಿತ್ತಳು. ನಿಮಗೇನ್ ಕಷ್ಟ?"

"ನನಗೆ ಕಂಡದ್ದನ್ನ ಮಾತ್ರ ಬರೀತೀನಿ. ಈಗ ನೀವು ಹೇಳಿದ್ದನ್ನೂ ಕೇಳಿಸ್ಕೊಂಡೆ, ಅದನ್ನೂ ಬರೀಲಾ?" ಎಂದೆ, ಎಲ್ಲರಿಗೂ ಕೇಳುವಂತೆ. ಅವರ ಮುಖ ಕೆಂಪಾಯಿತು. ನಾಚಿಕೆಯಿಂದ ಅಲ್ಲ, ಸಿಟ್ಟಿನಿಂದ. ನಾಚಿಕೆಯ ಪರಿಚಯ ಅವರಿಗಿದ್ದ ಹಾಗಿರಲಿಲ್ಲ. ಹೊರಡುವಾಗ ಗೌರಮ್ಮನ ಕಡೆ ಪೂರ್ತಿ ತಿರುಗದೆ ಹೇಳಿದರು: "ಸರಿ ಬಿಡು, ಆಗಿದ್ದಾಯ್ತು. ಸೋಮವಾರದಿಂದ ಕೆಲ್ಸಕ್ಕೆ ಬಾ. ಸಂಬಳ ಜಾಸ್ತಿ ಮಾಡ್ತೀನಿ."

ಗೌರಮ್ಮ ಎದ್ದು ನಿಂತರು. "ಸಂಬಳ ಬ್ಯಾಡ ಸಾರ್. ಪೊಲೀಸ್ನೋರ್ನ ನಮ್ ಬೀದಿಗೆ ಕಳಿಸಿದ್ರಲ್ಲ, ಅದೇ ಬೀದಿಗೆ ನೀವೊಂದ್ಸಲ ಬನ್ನಿ. ಬಂದು ಇವ್ಳು ಕದ್ದಿಲ್ಲ ಅಂತ ಹೇಳಿ. ನನ್ ಮಗಳು ನಲ್ಲಿ ಹತ್ರ ಹೋಗಂಗಿಲ್ಲ, ಎಲ್ರೂ ಕಳ್ಳಿ ಮಗಳು ಅಂತಾರೆ."

"ಅದೆಲ್ಲ ಆಗಲ್ಲ" ಎಂದು ರಾಜಶೇಖರ ಹೊರಟೇಹೋದರು. ಅಷ್ಟು ದೊಡ್ಡ ಮನುಷ್ಯನಿಗೆ ಒಂದು ಗಲ್ಲಿಯೊಳಗೆ ಹೋಗುವ ಧೈರ್ಯ ಇರಲಿಲ್ಲ.

ನಾಲ್ಕೈದು ದಿನಗಳ ನಂತರ ಸುಮಾ ಫೋನ್ ಮಾಡಿದರು. "ನಾನು ಹೋಗ್ತೀನಿ ಮೇಡಮ್. ಒಬ್ಳೇ ಹೋಗಕ್ಕೆ ಭಯ ಆಗ್ತಿದೆ, ನೀವೂ ಬರ್ತೀರಾ?" ಒಪ್ಪಿದೆ. ಆಕೆಯ ಮೇಲಿನ ಪ್ರೀತಿಯಿಂದ ಅಲ್ಲ, ಗಲ್ಲಿಯ ಬಾಯಿಂದಲೇ ವಾಪಸಾಗಿಬಿಟ್ಟಾರು ಎಂಬ ಅನುಮಾನದಿಂದ. ಗಂಡ ಗೌರಮ್ಮನ ಮೇಲೆ ದೂರು ಕೊಟ್ಟಾಗ ಈಕೆಯೂ ತಡೆಯದೆ ಸುಮ್ಮನಿದ್ದವರೇ.

ಸಂಜೆ ನಲ್ಲಿಯಲ್ಲಿ ನೀರು ಬರುವ ಹೊತ್ತು. ಬಿಂದಿಗೆ ಸಾಲಿನ ಹೆಂಗಸರು ನಮ್ಮ ಕಡೆ ತಿರುಗಿದರು. ಗೌರಮ್ಮ ಮನೆಯಿಂದ ಹೊರಗೆ ಬಂದು ಕೈಕಟ್ಟಿ ನಿಂತರು. ಸುಮಾ ನೆಲ ನೋಡುತ್ತ ಏನೋ ಹೇಳಿದರು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

"ಜೋರಾಗ್ ಹೇಳಿ ಅಕ್ಕ" ಎಂದರು ಗೌರಮ್ಮ.

ಸುಮಾ ತಲೆಯೆತ್ತಿದರು. "ಗೌರಮ್ಮ ಏನೂ ಕದ್ದಿಲ್ಲ. ಉಂಗುರ ನನ್ನಿಂದಲೇ ಹಾಳಾಗಿದ್ದು. ತಪ್ಪು ನಮ್ಮದು."

"ಆ ಕಡೆ ಮೂಲೆ ಮನೆಯೋರ್ಗೂ ಕೇಳ್ಬೇಕು."

ಇನ್ನೊಮ್ಮೆ ಹೇಳಿದರು, ಈ ಸಲ ಅಳುತ್ತ, ಇಡೀ ಗಲ್ಲಿಗೆ ಕೇಳುವಂತೆ. ಗೌರಮ್ಮ ತಲೆಯಾಡಿಸಿ, ಒಳಗಿದ್ದ ಮಗಳನ್ನು ಕರೆದು ಕೈಗೆ ಬಿಂದಿಗೆ ಕೊಟ್ಟು ನಲ್ಲಿಗೆ ಕಳಿಸಿದರು. ಸಾಲಿನಲ್ಲಿದ್ದ ಒಬ್ಬಾಕೆ ಸರಿದು ಅವಳಿಗೆ ಜಾಗ ಬಿಟ್ಟಳು.

ಗೌರಮ್ಮ ಆ ಮನೆಗೆ ಮತ್ತೆ ಹೋಗಲಿಲ್ಲ, ಮಲ್ಲೇಶ್ವರಂನ ಒಂದು ಹಾಸ್ಟೆಲಿನ ಅಡುಗೆಮನೆ ಸೇರಿದರು. ವಜ್ರ ಸಿಗಲಿಲ್ಲ, ವಿಮೆಯ ಪರಿಹಾರವೂ ಸಿಗಲಿಲ್ಲ. ರಾಜಶೇಖರ ಈಗಲೂ ಹೋದಲ್ಲೆಲ್ಲ ಆ ಲ್ಯಾಬಿನ ಹೆಂಗಸು ದುಡ್ಡು ತಿಂದು ವರದಿ ಬರೆದಳು ಎನ್ನುತ್ತಾರಂತೆ. ಅನ್ನಲಿ. ಅಂಥವರ ಮೆಚ್ಚುಗೆ ಸಿಕ್ಕಿದ್ದರೆ ನನಗೆ ನನ್ನ ಕೆಲಸದ ಮೇಲೇ ಅನುಮಾನ ಬರುತ್ತಿತ್ತು.

ಅಲ್ಲಿಯವರೆಗೆ, ವರದಿಗೆ ಸಹಿ ಹಾಕಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆ ಸಂಜೆ ನಲ್ಲಿಯ ಹತ್ತಿರ ನಿಂತಾಗ ತಿಳಿಯಿತು, ನನ್ನ ವರದಿಯನ್ನು ಆ ಗಲ್ಲಿಯಲ್ಲಿ ಯಾರೂ ಓದುವುದಿಲ್ಲ. ಸುಳ್ಳನ್ನು ಯಾರ ಕಿವಿಗೆ ಹಾಕಿದ್ದಾರೋ ಅವರ ಕಿವಿಗೇ ನಿಜವನ್ನೂ ಹಾಕಬೇಕು, ಮೂಲೆ ಮನೆಯವರಿಗೂ ಕೇಳುವಷ್ಟು ಜೋರಾಗಿ.