ಸನ್ನೆ ಮಾವ ಬಾಯಿ ಬಿಟ್ಟ ದಿನ

ನನ್ನ ಅಣ್ಣನಿಗೆ ಸನ್ನೆ ಮಾವ ಎಂದು ಹೆಸರಿಟ್ಟವಳು ನನ್ನ ಮಗಳು. ಆಗ ಅವಳಿಗೆ ಮಾತೇ ಸರಿಯಾಗಿ ಬರುತ್ತಿರಲಿಲ್ಲ. ಅಣ್ಣ ನಮ್ಮಲ್ಲಿ ಊಟಕ್ಕೆ ಕೂತರೆ ಇನ್ನೊಂದು ಚೂರು ಬೇಕು ಎನ್ನುವುದಕ್ಕೆ ಎರಡು ಬೆರಳು ಹತ್ತಿರ ತಂದು ತೋರಿಸುತ್ತಿದ್ದ, ಸಾಕು ಎನ್ನುವುದಕ್ಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಊಟ ಮುಗಿಯುವವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಗು ಅದನ್ನೇ ಕಲಿತು ನನಗೂ ಅಂಗೈ ಅಡ್ಡ ಹಿಡಿಯತೊಡಗಿತು. ಆ ಹೆಸರು ಕಾರ್ಖಾನೆಗೂ ಹೋಯಿತು. ಹೊತ್ತುಕೊಂಡು ಹೋದವಳು ನಾನೇ ಇರಬೇಕು, ನನ್ನ ಬಾಯಿ ಅಂಥದ್ದು.

ಅಣ್ಣ, ನಾನು, ನನ್ನ ಯಜಮಾನರು, ಮೂವರೂ ಒಂದೇ ಕಾರ್ಖಾನೆಯವರು. ಭಾರ ಎತ್ತುವ, ಇಳಿಸುವ, ಸಾಗಿಸುವ ಯಂತ್ರಗಳನ್ನು ಮಾಡುವ ಕಾರ್ಖಾನೆ ಅದು. ಗೋದಾಮುಗಳಲ್ಲಿ ಮೂಟೆ ಎಳೆಯುವ ಕೈಗಾಡಿಯಿಂದ ಹಿಡಿದು ಹಡಗಿನ ಸರಕು ಎತ್ತುವ ಕ್ರೇನಿನವರೆಗೆ ಎಲ್ಲ ಇಲ್ಲಿಂದಲೇ ಹೋಗಬೇಕು. ನಾನು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವಳು. ನನ್ನ ಯಜಮಾನರು ಶೆಡ್ಡಿನ ಸೂರಿನ ಕೆಳಗೆ ಓಡಾಡುವ ದೊಡ್ಡ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುವವರು. ಅಣ್ಣ ಕೆಳಗೆ ನಿಂತು ಅವರಿಗೆ ಕೈಸನ್ನೆ ಮಾಡುವವನು. ಅಷ್ಟು ಎತ್ತರದಲ್ಲಿ ಕೂತವರಿಗೆ ಶೆಡ್ಡಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಬೆರಳು ಮೇಲೆ ಮಾಡಿ ಸುತ್ತಿದರೆ ಎತ್ತು, ಕೆಳಗೆ ಮಾಡಿ ಸುತ್ತಿದರೆ ಇಳಿಸು, ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಮೇಲಿನವರು ನೋಡಬೇಕಾದದ್ದು ಆ ಕೈಯೊಂದನ್ನೇ.

ಅಣ್ಣ ಶುರುವಿನಲ್ಲಿ ಬೆನ್ನ ಮೇಲೆ ಹೊರೆ ಹೊತ್ತವನು. ಆಮೇಲೆ ಕೊಕ್ಕೆಗೆ ಸರಪಳಿ ಬಿಗಿಯುವ ಕೆಲಸಕ್ಕೆ ಬಂದ, ಅಲ್ಲಿಂದ ಸನ್ನೆಗೆ. ಚಿಕ್ಕಂದಿನಿಂದಲೂ ಮಾತು ಕಡಿಮೆ. ಈ ಹುಡುಗ ಬಾಯಿ ಬಿಡಬೇಕಾದರೆ ಹಲ್ಲುನೋವೇ ಬರಬೇಕು ಎಂದು ಅಮ್ಮ ಗೊಣಗುತ್ತಿದ್ದಳು. ಸನ್ನೆಯ ಕೆಲಸ ಸಿಕ್ಕಿದ ಮೇಲೆ ಅವನ ಮುಖಕ್ಕೇ ಒಂದು ಕಳೆ ಬಂತು. ಬಿಳಿ ಕೈಗವಸನ್ನು ದಿನಾ ಸಂಜೆ ತಾನೇ ಒಗೆದು ಕಿಟಕಿಗೆ ಒಣಹಾಕುತ್ತಿದ್ದ, ಅತ್ತಿಗೆಗೂ ಮುಟ್ಟಲು ಕೊಡುತ್ತಿರಲಿಲ್ಲ. ಇವರಿಬ್ಬರ ಕೆಲಸ ನೋಡುವುದೇ ಒಂದು ಚೆಂದ. ಅಣ್ಣ ಬೆರಳು ತಿರುಗಿಸಿದರೆ ಆನೆಯಷ್ಟು ಭಾರದ ಪೆಟ್ಟಿಗೆ ಸದ್ದಿಲ್ಲದೆ ಮೇಲೇಳುತ್ತಿತ್ತು. ತಂತಿ ಸುತ್ತುವುದನ್ನು ಬಿಟ್ಟು ನಾನು ನೋಡುತ್ತಾ ಕೂತು ಮೇಸ್ತ್ರಿಯಿಂದ ಬೈಸಿಕೊಂಡದ್ದೂ ಉಂಟು.

ಇಂಥ ಜೋಡಿಗೆ ದೃಷ್ಟಿ ತಾಗಿದ್ದು ಒಂದು ಕನ್ನಡಿ ಬೀರುವಿನಿಂದ.

ಅಮ್ಮ ಹೋದ ಮೇಲೆ ಅವಳ ಕನ್ನಡಿ ಬೀರು ನನಗೆ ಸೇರಬೇಕು ಎಂದು ಅಣ್ಣನೇ ಹೇಳಿದ. ಒಂದು ರಜೆಯ ದಿನ ಅಣ್ಣನೂ ಇವರೂ ಸೇರಿ ಅದನ್ನು ಗಾಡಿಯಲ್ಲಿ ತಂದರು. ನಮ್ಮದು ಮೇಲಿನ ಮನೆ. ಮೆಟ್ಟಿಲು ಇಕ್ಕಟ್ಟು, ನಡುವೆ ಒಂದು ತಿರುವು. ಮೇಲೆ ನಿಂತು ಎಳೆಯುವವರು ಇವರು, ಕೆಳಗೆ ಭುಜ ಕೊಟ್ಟು ನೂಕುವವನು ಅಣ್ಣ, ನಡುವೆ ಬಾಗಿಲಷ್ಟು ಅಗಲದ ಬೀರು. ನಾನು ಮೇಲೆ ಮನೆಯ ಬಾಗಿಲು ಹಿಡಿದು ನಿಂತಿದ್ದೆ. ಕೆಳಗಿನಿಂದ ಅಣ್ಣನ ದನಿ ಬರುತ್ತಿತ್ತು, ಎಳೀರಿ, ಎಳೀರಿ ಎಂದು. ಆಮೇಲೆ ದನಿ ಇಲ್ಲ. ಇವರು ಎಳೆದರು. ಕನ್ನಡಿ ಮೆಟ್ಟಿಲ ಪಕ್ಕದ ಕಟಾಂಜನದ ಕಬ್ಬಿಣಕ್ಕೆ ಬಡಿದು ಪುಡಿಪುಡಿಯಾಯಿತು.

ನಿಲ್ಲಿಸು ಅನ್ನುವುದಕ್ಕೇನಾಗಿತ್ತು ಎಂದು ಇವರು. ಅಂದೆನಲ್ಲ ಎಂದು ಅವನು. ಅನ್ನಲಿಲ್ಲ, ಅಂದೆ, ಅನ್ನಲೇ ಇಲ್ಲ. ಟನ್ನುಗಟ್ಟಲೆ ಕಬ್ಬಿಣವನ್ನು ಹೂವಿನಂತೆ ಇಳಿಸುವ ಇಬ್ಬರು ಗಂಡಸರು ಒಂದು ಬೀರುವಿಗಾಗಿ ಮೆಟ್ಟಿಲ ಮೇಲೆ ಮಕ್ಕಳಂತೆ ಕಚ್ಚಾಡಿದರು. ನನ್ನ ಯಜಮಾನರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ನಾಲಿಗೆಗೂ ಇಳಿಯಿತು.

"ಸುಳ್ಳು ಹೇಳ್ಬೇಡಿ ಭಾವ. ಇಷ್ಟು ವರ್ಷ ನಿಮ್ಮ ಕೈ ನಂಬ್ಕೊಂಡು ಭಾರ ಎತ್ತಿದೀನಲ್ಲ, ಯಾರೂ ಸಾಯ್ಲಿಲ್ಲ ಅನ್ನೋದೇ ದೊಡ್ಡದು."

ಸನ್ನೆಯವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಣ್ಣ ಗಾಜಿನ ಚೂರುಗಳನ್ನೆಲ್ಲ ಆಯ್ದ, ಬೀರುವನ್ನು ಒಳಗೆ ಸೇರಿಸಿದ, ಕೊಟ್ಟ ನೀರನ್ನೂ ಕುಡಿಯದೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಗಳಿಗೆಯಲ್ಲಿ ಹೋದವು.

ಆರು ವರ್ಷ! ಆರು ವರ್ಷ ಇಬ್ಬರೂ ಮಾತಾಡಲಿಲ್ಲ. ಅಣ್ಣ ನನ್ನ ಹೊಸ್ತಿಲು ತುಳಿಯಲಿಲ್ಲ. ನಾನೇ ಅವನ ಮನೆಗೆ ಹೋಗಿ, ಅತ್ತಿಗೆಯ ಹತ್ತಿರ ಕೂತು ಅತ್ತು ಬರುತ್ತಿದ್ದೆ. ಇದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿದ್ದ ಸಂಗತಿ ಏನೆಂದರೆ, ಕಾರ್ಖಾನೆಯಲ್ಲಿ ಅದೇ ಮನುಷ್ಯರು ಅದೇ ಕೆಲಸವನ್ನು ಮೊದಲಿನಷ್ಟೇ ಚೆಂದವಾಗಿ ಮಾಡುತ್ತಿದ್ದರು. ಬೀರು ಒಡೆದ ಮಾರನೆಯ ಬೆಳಿಗ್ಗೆಯೇ ಅಣ್ಣ ಬೆರಳು ಎತ್ತಿದ, ಇವರು ಭಾರ ಎತ್ತಿದರು. ನಿನ್ನೆ ತಾನೇ ಆ ಕೈ ನಂಬುವಂಥದ್ದಲ್ಲ ಅಂದಿರಲ್ಲ ಎಂದು ರಾತ್ರಿ ನಾನು ಚುಚ್ಚಿದೆ. ಅದು ಕೆಲಸ, ಇದು ಮನೆ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಕನ್ನಡಿಯ ಜಾಗದಲ್ಲಿ ಬರೀ ಹಲಗೆ ಉಳಿದ ಬೀರುವಿನ ಮುಂದೆಯೇ ನಾನು ಈಗಲೂ ತಲೆ ಬಾಚುತ್ತೇನೆ, ಅಭ್ಯಾಸಬಲ.

ಹೀಗೇ ಅಣ್ಣನಿಗೆ ನಿವೃತ್ತಿ ಆಗಿಬಿಡುತ್ತದೆ, ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸಾಯುತ್ತಾರೆ ಎಂದು ನಾನು ಕೈಚೆಲ್ಲಿದ್ದೆ. ಅಷ್ಟರಲ್ಲಿ ವಾಕಿಟಾಕಿ ಬಂತು.

ಶೆಡ್ಡಿನ ಒಂದು ಮೂಲೆಯಲ್ಲಿ ಸೂರಿನ ಹತ್ತಿರದವರೆಗೂ ಕಬ್ಬಿಣದ ಅಟ್ಟಗಳನ್ನು ಕಟ್ಟಿದ್ದರು. ಅದರ ಹಿಂದೆ ಸರಕು ಇಳಿಸುವಾಗ ಮೇಲಿನ ಕ್ಯಾಬಿನ್ನಿಗೆ ಕೆಳಗಿನವನು ಕಾಣುವುದಿಲ್ಲ. ಕಾಣದ ಮೇಲೆ ಸನ್ನೆ ಯಾರಿಗೆ? ಹಾಗಾಗಿ ಇನ್ನು ಮೇಲೆ ಬಾಯಿಮಾತು. ಸುರಕ್ಷತೆ ನೋಡಿಕೊಳ್ಳುವ ಆಫೀಸರಮ್ಮ ಎಲ್ಲರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಕೆಳಗಿನವನು ಹೇಳಿದ್ದನ್ನು ಮೇಲಿನವನು ಮರಳಿ ಹೇಳಬೇಕು. ಭಾರ ಅಲುಗಾಡುತ್ತಿರುವಷ್ಟು ಹೊತ್ತೂ ಕೆಳಗಿನವನು ಇಳಿಸಿ, ಇಳಿಸಿ ಎಂದು ಹೇಳುತ್ತಲೇ ಇರಬೇಕು. ಮಾತು ನಿಂತಿತೋ, ಯಾಕೆ ಏನು ಎಂದು ಯೋಚಿಸದೆ ಭಾರ ನಿಲ್ಲಿಸಬೇಕು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅದು ಇಲ್ಲಿ ನಡೆಯೋಲ್ಲ ಎಂದು ನಕ್ಕರು. ಒಳ್ಳೆಯ ಹೆಂಗಸು. ಆದರೆ ಕೊನೆಗೆ ಇನ್ನೊಂದು ಮಾತು ಹೇಳಿದರು. ಪ್ರತಿ ಜೋಡಿಗೂ ಒಂದು ಪರೀಕ್ಷೆ. ಮಾತು ಹೊಂದದ ಜೋಡಿಯನ್ನು ಒಡೆದು, ಸನ್ನೆಯವನನ್ನು ಊರಾಚೆಯ ಗೋದಾಮಿಗೆ ಕಳಿಸುತ್ತಾರೆ.

ಇವರಿಬ್ಬರ ನಡುವೆ ಉಳಿದಿದ್ದದ್ದೇ ಆ ಕೈ. ಅದೂ ಹೋದರೆ ಏನಿದೆ? ಇವರಿಗೆ ಹೇಳಿದೆ. ಕೆಲಸದ ಮಾತು ತಾನೇ, ಆಡಿದರಾಯಿತು ಎಂದು ಪೇಪರಿನಿಂದ ತಲೆ ಎತ್ತಲಿಲ್ಲ. ಅಣ್ಣನ ಮನೆಗೆ ಹೋಗಿ ಅವನ ಎದುರು ಕೂತೆ. ಅವನು ಕೈಗವಸು ಹಿಂಡುತ್ತಿದ್ದ.

"ಅಣ್ಣ, ನಿನಗೆ ದಮ್ಮಯ್ಯ ಅಂತೀನಿ. ಗೋದಾಮಿಗೆ ಹೋಗ್ಬೇಡ."

"ನಾನು ಸುಳ್ಳು ಹೇಳ್ಲಿಲ್ಲ ಕಣೇ," ಎಂದ ಅವನು, ನಾನು ಕೇಳಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ. "ನಿಲ್ಸಿ ಅಂತ ಅಂದೆ."

ಆರು ವರ್ಷದಿಂದ ಅದೊಂದೇ ಮುಳ್ಳು ಅವನ ಗಂಟಲಲ್ಲಿ. ಅತ್ತ ಇವರೂ ತಮ್ಮ ಕಿವಿಯ ಮೇಲೆ ಆಣೆಯಿಡುತ್ತಿದ್ದರು. ಇಬ್ಬರೂ ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ. ನಿಲ್ಲಿಸಿ ಎಂದದ್ದು ಅವತ್ತು ನನ್ನ ಕಿವಿಗೂ ಬಿದ್ದಿರಲಿಲ್ಲ, ಆದರೂ ಯಾರನ್ನು ನಂಬಲಿ ನಾನು? ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು ನನ್ನದು.

ಪರೀಕ್ಷೆಯ ದಿನ ನಾನು ಕೈಯಲ್ಲೊಂದು ಮೋಟಾರು ಹಿಡಿದು, ಅದನ್ನು ಅಲ್ಲೇ ಕೊಡಬೇಕಾದವಳಂತೆ, ಅಟ್ಟಗಳ ಹಿಂದೆ ಹೋಗಿ ನಿಂತೆ. ಮೇಸ್ತ್ರಿ ನೋಡಿಯೂ ನೋಡದಂತೆ ಇದ್ದ. ಆಫೀಸರಮ್ಮನ ಕೈಯಲ್ಲೊಂದು ವಾಕಿಟಾಕಿ, ಅಣ್ಣನ ಎಡಗೈಯಲ್ಲೊಂದು. ಮೇಲೆ ಕೊಕ್ಕೆಗೆ ತೂಗುತ್ತಿದ್ದದ್ದು ಪರೀಕ್ಷೆಯ ತೂಕಕ್ಕೆಂದು ಇಟ್ಟ ಎರಕದ ಕಬ್ಬಿಣದ ದೊಡ್ಡ ಗಟ್ಟಿ. ಅದನ್ನು ಎರಡು ಕಂಬಗಳ ನಡುವೆ, ಕೆಳಗಿದ್ದ ಗಾಡಿಯ ಮೇಲೆ ಇಳಿಸಬೇಕು. ಅಟ್ಟದ ಆಚೆ, ಮೇಲೆ ಎಲ್ಲೋ ನನ್ನ ಯಜಮಾನರು.

"ಇಳಿಸಿ," ಎಂದ ಅಣ್ಣ. ದನಿ ಗೊಗ್ಗರಾಗಿತ್ತು.

"ಇಳಿಸ್ತಾ ಇದೀನಿ," ಎಂದಿತು ವಾಕಿಟಾಕಿ.

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಆರು ವರ್ಷದ ಮೇಲೆ ಭಾವ ಭಾವ ಆಡಿದ ಮೊದಲ ಮಾತು ಇದು. ಇಳಿಸಿ, ಇಳಿಸಿ, ಇಳಿಸಿ ಎಂದು ಅಣ್ಣ ಪಾಠ ಒಪ್ಪಿಸುವ ಮಗುವಿನಂತೆ ಹೇಳುತ್ತಾ ಹೋದ. ಗಟ್ಟಿ ಕೆಳಗೆ ಬಂತು, ಇನ್ನೂ ಬಂತು. ಅಷ್ಟರಲ್ಲಿ ಅದು ಸ್ವಲ್ಪ ತಿರುಗಿ, ಅದರ ಮೂಲೆ ಅಟ್ಟದ ತೊಲೆಯ ಮೇಲೆ ಕೂರುವಂತಾಯಿತು. ಕೂತರೆ ಅಟ್ಟವೇ ಮಗುಚುತ್ತದೆ. ಅಣ್ಣ ಅದನ್ನು ನನಗಿಂತ ಮೊದಲೇ ಕಂಡ.

ಅವನು ನಿಲ್ಲಿಸಿ ಎನ್ನಲಿಲ್ಲ. ಬಲಗೈ ಚಾಚಿ ಅಂಗೈ ಅಡ್ಡ ಹಿಡಿದ.

ಕಬ್ಬಿಣದ ಅಟ್ಟಕ್ಕೇ ಸನ್ನೆ ಮಾಡುವವನ ಹಾಗೆ ಹಿಡಿದುಕೊಂಡು ನಿಂತ. ಬಾಯಿ ಮುಚ್ಚಿತ್ತು. ಆದರೆ ಗಟ್ಟಿ ನಿಂತಿತು, ತೊಲೆಗೆ ಒಂದು ಗೇಣು ಮೇಲೆ. ಮಾತು ನಿಂತಿತು, ಅದಕ್ಕೆ ಇವರು ಭಾರ ನಿಲ್ಲಿಸಿದ್ದರು, ಹೇಳಿಕೊಟ್ಟ ಹಾಗೆಯೇ.

ಆಮೇಲೆ ವಾಕಿಟಾಕಿ ಕರಕರ ಎಂದಿತು.

"ಭಾವ, ಕೈ ಅಡ್ಡ ಹಿಡಿದಿದೀರಾ?"

ಅಣ್ಣ ತನ್ನ ಕೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈಯನ್ನು ನೋಡುವವನ ಹಾಗೆ ನೋಡಿದ. ಇಳಿಸಲಿಲ್ಲ.

"ಹೂಂ. ಹಿಡಿದಿದೀನಿ."

ಮತ್ತೆ ಕರಕರ. ಇವರ ಉಸಿರು ಕೇಳಿಸುತ್ತಿತ್ತು.

"ಅವತ್ತು ಮೆಟ್ಟಿಲ ಮೇಲೂ ಹಿಡಿದಿದ್ರಾ?"

ಅಣ್ಣ ನನ್ನ ಕಡೆ ತಿರುಗಿದ. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆರು ವರ್ಷದಿಂದ ತಾನು ಬಾಯಲ್ಲಿ ಹೇಳಿದೆ ಎಂದೇ ನಂಬಿದ್ದ ಮನುಷ್ಯ. ಬೀರುವಿನ ಆಚೆಯವರಿಗೆ ಕೈ ಕಾಣುವುದಿಲ್ಲ ಎನ್ನುವುದು ಆ ಕೈಗೆ ಗೊತ್ತಿರಲಿಲ್ಲ, ಅಷ್ಟೇ.

"ಹಿಡಿದಿರ್ಬೇಕು ಭಾವ. ಅಂದೆ ಅಂತಲೇ ಅಂದ್ಕೊಂಡಿದ್ದೆ."

"ನನಗೆ ಕಾಣಲಿಲ್ಲ," ಎಂದರು ಇವರು. "ಕಂಡಿದ್ರೆ ನಿಲ್ಲಿಸ್ತಿದ್ದೆ ಭಾವ. ನಿಮ್ಮ ಕೈ ಕಂಡೂ ನಾನು ಯಾವತ್ತಾದ್ರೂ ನಿಲ್ಲಿಸ್ದೆ ಇದೀನಾ?"

ವಾಕಿಟಾಕಿ ಇದ್ದವರೆಲ್ಲ ಇದನ್ನು ಕೇಳಿದರು. ಆಚೆ ಲಾರಿಯ ಹತ್ತಿರ ಇದ್ದವರೂ ಕೇಳಿದರಂತೆ. ನಾನು ಮೋಟಾರನ್ನು ನೆಲಕ್ಕಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಫೀಸರಮ್ಮ ಕೆಮ್ಮಿ, ಭಾರ ಇನ್ನೂ ತೂಗಾಡುತ್ತಿದೆ, ಮನೆಯ ವಿಷಯ ಆಮೇಲೆ ಎಂದರು. ಅಣ್ಣ ಕೈ ಇಳಿಸಿ, ಒಂದು ಚೂರು ಮೇಲೆ ತಗೊಳ್ಳಿ ಎಂದ, ಗಟ್ಟಿಯನ್ನು ಹಗ್ಗದಿಂದ ಸರಿಯಾಗಿ ತಿರುಗಿಸಿದ, ಮತ್ತೆ ಇಳಿಸಿ ಎಂದ. ಅದು ಗಾಡಿಯ ಮೇಲೆ ಸದ್ದಿಲ್ಲದೆ ಕೂತಿತು.

ಪರೀಕ್ಷೆಯಲ್ಲಿ ಅವರನ್ನು ಒಂದೇ ಸಲಕ್ಕೆ ಪಾಸು ಮಾಡಲಿಲ್ಲ. ಮೇಲಿನವರದು ಸರಿ, ಕೆಳಗಿನವರು ಬಾಯಿ ಬಿಡುವುದನ್ನು ಅಭ್ಯಾಸ ಮಾಡಿಕೊಂಡು ಮುಂದಿನ ವಾರ ಮತ್ತೆ ಬರಲಿ, ಅಲ್ಲಿಯವರೆಗೆ ಜೋಡಿ ಹೀಗೇ ಇರಲಿ ಎಂದರು ಆಫೀಸರಮ್ಮ. ಅವರ ಹೊಟ್ಟೆ ತಣ್ಣಗಿರಲಿ.

ಅವತ್ತು ಸಂಜೆ ಅಣ್ಣ ನಮ್ಮ ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಒಂದು ಗಳಿಗೆ ನಿಂತು ಕಟಾಂಜನವನ್ನು ಸವರಿದ. ಒಳಗೆ ಬಂದವನು ಹಲಗೆ ಬೀರುವನ್ನು ನೋಡಿ ತಲೆ ತಗ್ಗಿಸಿದ. ಇವರು ಅವನ ಹೆಗಲ ಮೇಲೆ ಕೈಯಿಟ್ಟು ಊಟಕ್ಕೆ ಕೂರಿಸಿದರು. ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಾವೇ ಬಡಿಸಲು ನಿಂತರು. ಎರಡನೆಯ ಸಲ ಅನ್ನ ಹಾಕುವಾಗ ಅಣ್ಣ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. ಇವರು ಸೌಟನ್ನು ಆ ಕೈಯ ಮೇಲೆಯೇ ಹಿಡಿದು ನಿಂತರು.

"ಬಾಯಲ್ಲಿ ಹೇಳಿ ಭಾವ. ಇಲ್ಲದಿದ್ರೆ ಹಾಕ್ತಾನೇ ಇರ್ತೀನಿ."

ಅಣ್ಣನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಹೇಳಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಅವನ ಮಾತು ಬರುವವರೆಗೆ ಇವರು ಸೌಟು ಹಿಡಿದುಕೊಂಡೇ ಕಾದರು.